ಸೋಮವಾರ ಸುಮ್ಮನಿರುವ ನಲ್ಲಿ

ಮನುಷ್ಯ ಸುಳ್ಳು ಹೇಳಬಹುದು, ವಿದ್ಯುತ್ತು ಹೇಳುವುದಿಲ್ಲ. ಈ ಮಹಾವಾಕ್ಯವನ್ನು ಮೂವತ್ತಾರು ವರ್ಷ ತರಬೇತಿಗೆ ಬಂದವರಿಗೆಲ್ಲ ಗಂಭೀರವಾಗಿ ಬೋಧಿಸಿದ್ದೇನೆ. ಹಾಗೆ ಬೋಧಿಸಿದ ಒಂದು ದಿನವೇ, ಟೆಸ್ಟರಿನ ಬಲ್ಬು ಸುಟ್ಟಿದ್ದು ತಿಳಿಯದೆ ತಂತಿ ಹಿಡಿದು ಶಿಷ್ಯರೆದುರು ಅಂಗಾತ ಬಿದ್ದೂ ಇದ್ದೇನೆ.

ಟೆಲಿಫೋನ್ ಲೈನಿನ ಕೆಲಸದಿಂದ ನಿವೃತ್ತನಾದ ಮೇಲೆ ತಾಳವಾಡಿಯಲ್ಲಿ ಇಂಟರ್ನೆಟ್ ಕೊಡುವ ಒಂದು ಸಣ್ಣ ಏಜೆನ್ಸಿಯವರು ನನ್ನನ್ನು ರಿಪೇರಿಗೆ ಇಟ್ಟುಕೊಂಡರು. ಜನ ನನ್ನನ್ನು ಇಂಜಿನೇರ್ರು ಎನ್ನುತ್ತಾರೆ. ನಾನು ಇಂಜಿನಿಯರ್ ಅಲ್ಲ ಎಂದು ಮೊದಮೊದಲು ತಿದ್ದುತ್ತಿದ್ದೆ. ಆಮೇಲೆ ಜನರ ನಂಬಿಕೆಗೆ ಧಕ್ಕೆ ತರಬಾರದೆಂದು ಬಿಟ್ಟುಬಿಟ್ಟೆ.

ಹೋದ ವರ್ಷ ಬೇಸಿಗೆಯಲ್ಲಿ ತಿಗನಾರೆಯ ಶಿವಮಲ್ಲಪ್ಪನವರ ಮನೆಯಿಂದ ದೂರು ಬಂತು. ಹತ್ತೆಕರೆ ಒಣಬೇಸಾಯ, ಎರಡು ಜೊತೆ ದನ ಇರುವ ಶಿವಭಕ್ತರ ಮನೆ. ಅಂಗಳದಾಚೆ ಕೊಟ್ಟಿಗೆಗೆ ಅಂಟಿಕೊಂಡ ಕೋಣೆಯಲ್ಲಿ ಅವರ ಸೊಸೆ ಸುಧಾ ಜನರಿಗೆ ಜಾತಿ, ಆದಾಯದ ಸರ್ಟಿಫಿಕೇಟಿನ ಅರ್ಜಿ ಹಾಕಿಕೊಡುತ್ತಿದ್ದಳು. ಇಂಟರ್ನೆಟ್ ಬರುವುದು ದೊಡ್ಡ ಮನೆಗೆ. ಅಲ್ಲಿಂದ ಕೋಣೆಗೆ ಕೇಬಲ್ ಎಳೆದರೆ ಮಂಗಗಳು ಉಳಿಸುವುದಿಲ್ಲ. ಅದಕ್ಕೇ ಪವರ್‌ಲೈನ್ ಅಡಾಪ್ಟರ್ ಹಾಕಿದ್ದೆವು. ಒಂದನ್ನು ದೊಡ್ಡ ಮನೆಯ ಪ್ಲಗ್ಗಿಗೆ, ಇನ್ನೊಂದನ್ನು ಕೋಣೆಯ ಪ್ಲಗ್ಗಿಗೆ ಚುಚ್ಚಿದರೆ ಗೋಡೆಯೊಳಗಿನ ಕರೆಂಟಿನ ತಂತಿಯಲ್ಲೇ ಇಂಟರ್ನೆಟ್ ಹರಿಯುತ್ತದೆ. ಆದರೆ ಅದೇ ತಂತಿಯಲ್ಲಿ ಮಿಕ್ಸಿ, ಚಾರ್ಜರುಗಳ ಗಲಾಟೆಯೂ ಹರಿಯುತ್ತದೆ. ಗಲಾಟೆ ಹೆಚ್ಚಾದರೆ ನೆಟ್ ಕಡಿಯುತ್ತದೆ.

ಮೊದಲ ಭೇಟಿಯಲ್ಲಿ ಎಂಬತ್ತು ಎಂಬಿ ಸ್ಪೀಡ್ ತೋರಿಸಬೇಕಾದ ಕಡೆ ಮೂರು ತೋರಿಸುತ್ತಿತ್ತು. ಮಿಕ್ಸಿ, ಟಿವಿ, ಎಲ್‌ಇಡಿ ಬಲ್ಬು, ಎಲ್ಲವನ್ನೂ ಒಂದೊಂದಾಗಿ ಆರಿಸಿ, ಹಚ್ಚಿ ವಿಚಾರಣೆ ನಡೆಸಿದೆ. ಎಲ್ಲರೂ ನಿರಪರಾಧಿಗಳು. ಶಿವಮಲ್ಲಪ್ಪನವರು ಪಕ್ಕದಲ್ಲೇ ನಿಂತು ಒಂದು ಸುಳಿವು ಕೊಟ್ಟರು.

“ಸೋಮಾರ ಒಂದಿನ ಚೆಂದಾಗ್ ಬತ್ತದೆ ಇಂಜಿನೇರ್ರೇ. ಶಿವನ ದಿನ ಕಣಿ, ಅದ್ಕೆ.”

ಪವರ್‌ಲೈನ್ ಅಡಾಪ್ಟರಿಗೆ ಇಂಥ ಭಕ್ತಿಯಿರುವುದು ಅದರ ಕೈಪಿಡಿಯಲ್ಲಿ ಎಲ್ಲಿಯೂ ಇರಲಿಲ್ಲ. ತಲೆಯಾಡಿಸಿ, ಹಳೆಯ ಜೋಡಿ ತೆಗೆದು ಹೊಸದು ಹಾಕಿದೆ.

ಹೊರಡುವಾಗ ಕೊಟ್ಟಿಗೆ ಪಕ್ಕದ ಕಬ್ಬಿಣದ ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದ ಚಿಕ್ಕತಾಯಮ್ಮ ಕಂಡರು. ವಯಸ್ಸು ಐವತ್ತರ ಮೇಲೆ, ಹೊಲಕ್ಕೂ ಮನೆಗೂ ಕೂಲಿಗೆ ಬರುವವರು. ನಲ್ಲಿಯನ್ನು ಕೈಯಿಂದ ಮುಟ್ಟದೆ, ಕವಲಿನ ಒಣ ಕಡ್ಡಿಯೊಂದನ್ನು ಸಿಕ್ಕಿಸಿ ತಿರುಗಿಸುತ್ತಿದ್ದರು.

“ನಮ್ ಚಿಕ್ಕತಾಯಿ ನಮ್ಗಿಂತ ಮಡಿ ಆಗೋಗವಳೆ. ನಲ್ಲಿ ಮುಟ್ಟಾಕಿಲ್ಲ,” ಎಂದು ಶಿವಮಲ್ಲಪ್ಪನವರು ನಕ್ಕರು. ನಾನೂ ನಕ್ಕೆ. ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ಮುಂದಿನದು ನಿಮಗೆ ಅರ್ಥವಾಗಬೇಕಾದರೆ ನಾನು ನಕ್ಕದ್ದು ಗೊತ್ತಿರಬೇಕು.

ಒಂಬತ್ತು ದಿನಕ್ಕೆ ಮತ್ತೆ ಫೋನು. ಹೊಸ ಅಡಾಪ್ಟರೂ ಸೋಮವಾರ ಮಾತ್ರ ಕೆಲಸ ಮಾಡುತ್ತಿದೆ. ಅರ್ಜಿ ಅರ್ಧಕ್ಕೇ ನಿಂತು ಜನ ಸುಧಾಳನ್ನು ಬೈದುಕೊಂಡು ಹೋಗುತ್ತಿದ್ದಾರೆ.

ಗುರುವಾರ ಬೆಳಿಗ್ಗೆ ಹೋದೆ. ಈ ಸಲ ನನ್ನ ಹಳೆಯ ಆಯುಧ ಜೊತೆಗಿತ್ತು. ಅದು ಅಂಗೈಯಗಲದ ಟ್ರಾನ್ಸಿಸ್ಟರ್ ರೇಡಿಯೋ. ಯಾವ ಸ್ಟೇಷನ್ನೂ ಇಲ್ಲದ ಕಡೆ ಮುಳ್ಳು ನಿಲ್ಲಿಸಿ ತಂತಿಯ ಬಳಿ ಹಿಡಿದರೆ, ತಂತಿಯಲ್ಲಿ ಗಲಾಟೆ ಇದ್ದ ಕಡೆ ಅದು ಕರಕರ ಎನ್ನುತ್ತದೆ. ದೊಡ್ಡ ಮನೆಯಲ್ಲಿ ಪಿಸುಗುಟ್ಟಿತು. ಅಂಗಳ ದಾಟಿದಂತೆ ದನಿ ಏರಿತು. ಕೊಟ್ಟಿಗೆಯ ಗೋಡೆಗೆ ಬಂದಾಗ ಒಗ್ಗರಣೆ ಹಾಕಿದಂತೆ ಸಿಡಿಯತೊಡಗಿತು. ಚಿಕ್ಕತಾಯಮ್ಮ ಅಲ್ಲೇ ಕೊಡ ತುಂಬಿಸುತ್ತಿದ್ದರು, ಅದೇ ಕಡ್ಡಿ. ಇವತ್ತೂ ಮಡಿಯೇ ಎಂದು ತಮಾಷೆಗೆ ಕೇಳಿದೆ.

“ಮಡೀನೂ ಇಲ್ಲ ಎಂತದೂ ಇಲ್ಲ ಸಾಮಿ,” ಎಂದರು ಆಕೆ, ಕೊಡದಿಂದ ಕಣ್ಣು ತೆಗೆಯದೆ. “ಮುಟ್ಟುದ್ರೆ ಇಡ್ಕತದೆ. ಸೋಮಾರ ಒಂದಿನ ಸುಮ್ಕಿರ್ತದೆ.”

ರೇಡಿಯೋ ಕೈಯಲ್ಲಿ ಸಿಡಿಯುತ್ತಲೇ ಇತ್ತು. ನನಗೆ ಅದು ಕೇಳಿಸುವುದು ನಿಂತುಹೋಯಿತು. ಎಷ್ಟು ದಿನದಿಂದ ಎಂದು ಕೇಳಿದೆ.

“ಉಣ್ಸೇಅಣ್ಣು ಬಡಿಯೋ ಕಾಲ್ದಿಂದ. ಬುದ್ದಿಯವ್ರಿಗೂ ಏಳ್ದೆ, ನಗಾಡ್ಬುಟ್ರು. ಓದ್ ಸಲ ನೀವೂ ನಗಾಡ್ಬುಟ್ರಿ.”

ಹುಣಸೆ ಬಡಿದು ಎರಡು ತಿಂಗಳಾಗಿತ್ತು. ಆಕೆಯ ಬುದ್ದಿಯವರೆಂದರೆ ಶಿವಮಲ್ಲಪ್ಪನವರೇ. ನಲ್ಲಿಯಿಂದ ದೂರ ಸರಿಯಲು ಹೇಳಿದೆ. ಸರಿದರು. ನನ್ನ ದನಿ ಕೇಳಿ ಶಿವಮಲ್ಲಪ್ಪನವರು ಬಂದರು. ನಲ್ಲಿಯಲ್ಲಿ ಕರೆಂಟಿದೆ ಎಂದರೆ ಒಪ್ಪಲಿಲ್ಲ. ನಾನು ತಡೆಯುವ ಮೊದಲೇ ಅದನ್ನು ಹಿಡಿದು, “ಎಲ್ಲದೆ? ನಾನ್ ಸತ್ನಾ?” ಎಂದರು. ಅವರ ಕಾಲಲ್ಲಿ ದಪ್ಪ ರಬ್ಬರ್ ಚಪ್ಪಲಿ. ಚಿಕ್ಕತಾಯಮ್ಮನ ಚಪ್ಪಲಿ ಗೇಟಿನಾಚೆ ಇತ್ತು. ದೊಡ್ಡವರ ಅಂಗಳಕ್ಕೆ ಮೆಟ್ಟಿಕೊಂಡು ಬರುವುದು ಮರ್ಯಾದೆಯಲ್ಲವೆಂದು ಆಕೆ ದಿನವೂ ಅಲ್ಲೇ ಬಿಟ್ಟು, ನೀರು ನಿಂತ ಸಿಮೆಂಟಿನ ಮೇಲೆ ಬರಿಗಾಲಲ್ಲಿ ನಿಲ್ಲುತ್ತಿದ್ದರು.

ನನ್ನ ಮುಖ ನೋಡಿ ಶಿವಮಲ್ಲಪ್ಪನವರಿಗೆ ಹಟ ಬಂತು. ಬರಿಗಾಲಲ್ಲೇ ಮುಟ್ಟಿ ತೋರಿಸುತ್ತೇನೆಂದು ಒಂದು ಚಪ್ಪಲಿ ಕಳಚಿದರು. ಅರವತ್ತಮೂರರ ವಯಸ್ಸಿನಲ್ಲಿ ನಾನು ಒಬ್ಬ ಗ್ರಾಹಕರ ರಟ್ಟೆ ಹಿಡಿದು ಎಳೆದದ್ದು ಅದೇ ಮೊದಲು. ಮೀಟರಿನ ಒಂದು ಕಡ್ಡಿ ನಲ್ಲಿಗೆ, ಇನ್ನೊಂದು ಒದ್ದೆ ನೆಲಕ್ಕೆ ಇಟ್ಟು ಅವರ ಮುಂದೆ ಹಿಡಿದೆ. ನೂರ ನಲವತ್ತಾರು ವೋಲ್ಟ್. ಅವರು ಓದಿದರು. ಕಳಚಿದ ಚಪ್ಪಲಿಯನ್ನು ಮೆಲ್ಲಗೆ ಕಾಲಿಗೆ ಸಿಕ್ಕಿಸಿಕೊಂಡರು.

ಮೇನ್ ಸ್ವಿಚ್ ಆರಿಸಿ ಕೊಟ್ಟಿಗೆಯೊಳಗೆ ಹೋದೆ. ಆನೆ ಬರದಂತೆ ಹಾಕಿದ ಸೋಲಾರ್ ಬೇಲಿಯ ಯಂತ್ರ ಅಲ್ಲಿತ್ತು. ಬ್ಯಾಟರಿ ಹಳತಾಗಿದ್ದರಿಂದ ಸಂತೆಯಲ್ಲಿ ಕೊಂಡ ಚಾರ್ಜರೊಂದನ್ನು ಅದಕ್ಕೆ ಹಾಕಿ, ಮನೆಯ ಕರೆಂಟಿಗೆ ಹಗಲಿರುಳು ಸಿಕ್ಕಿಸಿಬಿಟ್ಟಿದ್ದರು. ಅದರ ಒಳಭಾಗ ಕರಗಿ, ಕರೆಂಟು ಅರ್ತ್ ತಂತಿಗೆ ಸೋರುತ್ತಿತ್ತು. ನೆಟ್ಟಿನ ಗಲಾಟೆಯೂ ಅದರದ್ದೇ.

ಅರ್ತ್ ಎಂದರೆ ಸೋರಿದ ವಿದ್ಯುತ್ತನ್ನು ನೆಲಕ್ಕಿಳಿಸಿ ನಮ್ಮನ್ನು ಕಾಯುವ ತಂತಿ. ಅಂಗಳದ ಮೂಲೆಯಲ್ಲಿದ್ದ ಅದರ ಗುಂಡಿಯ ಮಣ್ಣು ಬೇಸಿಗೆಗೆ ಒಣಗಿ ಕಲ್ಲಾಗಿತ್ತು. ಇಳಿಯಲು ದಾರಿಯಿಲ್ಲದ ವಿದ್ಯುತ್ತು, ಅದೇ ತಂತಿ ಕಟ್ಟಿದ್ದ ನಲ್ಲಿಯಲ್ಲಿ ಕಾದು ಕುಳಿತಿತ್ತು. ಸೋಮವಾರ ಪೂಜೆಗೆಂದು ಇಡೀ ಅಂಗಳ ತೊಳೆಯುತ್ತಿದ್ದರು. ಆ ನೀರು ಹರಿದು ಗುಂಡಿಗೆ ಬೀಳುತ್ತಿತ್ತು. ಮಣ್ಣು ನೆನೆದ ಆ ಒಂದು ದಿನ ಸೋರಿಕೆಯೂ ಗಲಾಟೆಯೂ ನೆಲಕ್ಕಿಳಿದು ನೆಟ್ಟೂ ಬರುತ್ತಿತ್ತು, ನಲ್ಲಿಯೂ ಸುಮ್ಮನಿರುತ್ತಿತ್ತು. ಶಿವಮಲ್ಲಪ್ಪನವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಆದರೂ ಒಂದು ಉಳಿದಿತ್ತು. ಸೋರಿಕೆ ಕಂಡ ಕ್ಷಣ ತಾನಾಗಿ ಬೀಳುವ ಸ್ವಿಚ್ಚು ಆ ಮನೆಯಲ್ಲಿರಬೇಕಿತ್ತು. ಬೋರ್ಡ್ ಬಿಚ್ಚಿ ನೋಡಿದರೆ ಅದರ ಜಾಗದಲ್ಲಿ ಎರಡು ತುಂಡು ತಂತಿ.

“ಸುಮ್ಸುಮ್ಕೆ ಬೀಳ್ತಿತ್ತು ಕಣಿ,” ಎಂದರು ಶಿವಮಲ್ಲಪ್ಪನವರು. ಈಗ ಅವರ ದನಿ ಇಳಿದಿತ್ತು. “ಕೆಟ್ಟೋಗದೆ ಅಂತ ತೆಗಿಸ್ಬುಟ್ಟೆ.”

ಸ್ವಿಚ್ಚು ಹೇಳಿತ್ತು, ಕಿತ್ತು ಹಾಕಿದರು. ಚಿಕ್ಕತಾಯಮ್ಮ ಹೇಳಿದರು, ನಕ್ಕೆವು. ನೆಟ್ ಕಡಿದಾಗ ಮಾತ್ರ ನಾನು ಬೈಕಿನಲ್ಲಿ ಎರಡು ಸಲ ಬಂದೆ. ಒಂಬತ್ತು ದಿನದ ನಡುವೆ ಆ ಒಣ ಕಡ್ಡಿ ಎಲ್ಲಾದರೂ ಕಳೆದುಹೋಗಿದ್ದರೆ ಎಂಬ ಯೋಚನೆ ಈಗಲೂ ಊಟದ ಮಧ್ಯೆ ಬರುತ್ತದೆ. ಅಂದಿನಿಂದ ಯಾರ ಮನೆಗೆ ಹೋದರೂ ಚೀಲ ಬಿಚ್ಚುವ ಮೊದಲು, ಅಲ್ಲಿ ಬರಿಗಾಲಲ್ಲಿ ಕೆಲಸ ಮಾಡುವವರು ಯಾರೆಂದು ಕೇಳಿ, ಅವರನ್ನೇ ಮೊದಲು ಮಾತಾಡಿಸುತ್ತೇನೆ. ವೃತ್ತಿಯಲ್ಲಿ ಇದನ್ನು ಕಲಿಯಲು ನನಗೆ ನಿವೃತ್ತಿಯವರೆಗೂ ಪುರಸೊತ್ತಾಗಿರಲಿಲ್ಲ.

ಚಾರ್ಜರ್ ಕಿತ್ತೆವು. ಹೊಸ ಗುಂಡಿ ತೋಡಿ ಅರ್ತ್ ಹಾಕಿಸಿದೆವು, ಸ್ವಿಚ್ಚು ಕೂರಿಸಿದೆವು. ಶಿವಮಲ್ಲಪ್ಪನವರು ಚಿಕ್ಕತಾಯಮ್ಮನಿಗೆ ಚಪ್ಪಲಿ ಮೆಟ್ಟಿಕೊಂಡೇ ಅಂಗಳಕ್ಕೆ ಬಾ ಎಂದರು. ಸುಧಾಳ ಕೋಣೆಯಲ್ಲಿ ಈಗ ಏಳು ದಿನವೂ ನೆಟ್ ಬರುತ್ತದೆ. ಚಿಕ್ಕತಾಯಮ್ಮ ಚಪ್ಪಲಿಯನ್ನು ಗೇಟಿನಾಚೆಯೇ ಬಿಡುತ್ತಾರೆ, ನಲ್ಲಿಯನ್ನು ಕಡ್ಡಿಯಲ್ಲೇ ತಿರುಗಿಸುತ್ತಾರೆ.