ನೀಲಾಳ ಹುಟ್ಟಿದ ತಾರೀಖು ಹುಡುಕಿಕೊಂಡು

ಬೆಳಿಗ್ಗೆ ಏಳು ಗಂಟೆಗೇ ಇಳಕಲ್ಲ ಬಸ್ ಸ್ಟ್ಯಾಂಡಿಗೆ ಬಂದು ನಿಂತೆವು, ನಾನು ಮತ್ತು ನನ್ನ ತಮ್ಮನ ಮಗಳು ನೀಲಾ. ಬಾಗಲಕೋಟೆಯ ಕ್ರೀಡಾ ಹಾಸ್ಟೆಲಿನಲ್ಲಿದ್ದು ಹಾಕಿ ಆಡುವ ಹುಡುಗಿ. ಮೂರು ತಿಂಗಳ ಹಿಂದೆ ಭಾರತದ ಜೂನಿಯರ್ ತಂಡದ ಜೊತೆ ಹೊರದೇಶಕ್ಕೆ ಹೋಗಿ ನಾಲ್ಕು ಮ್ಯಾಚ್ ಆಡಿ ಬಂದಿದ್ದಳು. ಈಗ ಮತ್ತೊಂದು ಕ್ಯಾಂಪಿಗೆ ಕರೆ ಬಂದಿತ್ತು. ಈ ಸಲ ಶಾಲೆಯ ಸರ್ಟಿಫಿಕೇಟ್ ನಡೆಯುವುದಿಲ್ಲ, ಜನನ ಪ್ರಮಾಣಪತ್ರವೇ ಬೇಕು ಅಂದಿದ್ದರು.

ತಪ್ಪು ನನ್ನದು, ಮೊದಲೇ ಹೇಳಿಬಿಡುತ್ತೇನೆ. ಮೂವತ್ತು ವರ್ಷ ಹಳ್ಳಿ ಶಾಲೆಯಲ್ಲಿ ಮಾಸ್ತರಿಕೆ ಮಾಡಿದವನು ನಾನು. ಮಗುವಿನ ಹುಟ್ಟಿದ ತಾರೀಖು ಕೇಳಿದರೆ ಅಪ್ಪಂದಿರು, "ಮಳಿ ಹತ್ತಿತ್ತ ನೋಡ್ರಿ ಸರ, ನೀವ ಒಂದ ಬರಕೊಳ್ರಿ" ಅನ್ನುತ್ತಿದ್ದರು. ನಾನು ಜೂನ್ ಒಂದು ಅಂತ ಬರೆದು ಕೈ ತೊಳೆದುಕೊಳ್ಳುತ್ತಿದ್ದೆ. ನನ್ನ ಶಾಲೆಯ ಅರ್ಧ ಮಕ್ಕಳು ಹುಟ್ಟಿದ್ದು ಜೂನ್ ಒಂದಕ್ಕೇ! ನೀಲಾಳಿಗೂ ಹಾಗೇ ಬರೆದೆ, ಮನೆಯವರನ್ನು ಕೇಳುವ ಉಸಾಬರಿಗೂ ಹೋಗಲಿಲ್ಲ.

ಅವಳ ತಾಯಿ ಹೇಳುವ ಪ್ರಕಾರ ನೀಲಾ ಹುಟ್ಟಿದ್ದು ಬಾದಾಮಿಯ ತವರುಮನೆಯಲ್ಲಿ, ದೀಪಾವಳಿ ಆಗಿ ಮೂರನೇ ದಿನ. ಯಾವ ವರ್ಷದ ದೀಪಾವಳಿ ಅಂದರೆ ನೆನಪಿಲ್ಲ ಅನ್ನುತ್ತಾಳೆ. ನಾನು ಬರೆದ ಜೂನಿನ ನಂತರದ್ದಾದರೆ ಚಿಂತೆಯಿಲ್ಲ, ಹುಡುಗಿ ಇನ್ನೂ ಸಣ್ಣವಳಾಗುತ್ತಾಳೆ. ಹಿಂದಿನ ವರ್ಷದ್ದಾದರೆ ಜೂನಿಯರ್ ತಂಡದ ವಯಸ್ಸು ದಾಟಿದಂತೆ. ಆ ಜೂನಿನ ವರ್ಷದ ಜನವರಿ ಒಂದರ ನಂತರ ಹುಟ್ಟಿದವರಿಗೆ ಮಾತ್ರ ಆ ತಂಡದಲ್ಲಿ ಜಾಗ.

ಹುನಗುಂದ ಅರ್ಧ ತಾಸಿನ ದಾರಿ. ನೀಲಾಳಿಗೆ ಹೆಣ್ಣುಮಕ್ಕಳ ಉಚಿತ ಟಿಕೆಟ್, ನನಗೆ ದುಡ್ಡಿನದು. ಕೋರ್ಟಿನ ಎದುರು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಕೀಲನಾಗಿದ್ದಾನೆ, ಸಲಹೆ ಕೇಳಲು ಅವನ ಬಳಿ ಹೋದೆವು. ಚಹಾ ತರಿಸಿ, "ಸರ, ಬಾದಾಮ್ಯಾಗ ದಾಖಲೆ ಇಲ್ಲ ಅಂತ ಬರಸ್ಕೊಂಡ ಬರ್ರಿ. ಸಾಲಿ ಸರ್ಟಿಫಿಕೇಟಿನ ತಾರೀಖಿನ ಮ್ಯಾಲ ಕೋರ್ಟಿನಾಗ ಆರ್ಡರ್ ಮಾಡಸೂಣು. ದಾಖಲೆ ಸಿಕ್ರ ಮಾತ್ರ ಅದ ಖರೆ, ನನ್ನ ಕಡಿಂದ ಏನೂ ಆಗೂದಿಲ್ಲ" ಅಂದ.

ಗುಡೂರಿನ ಮೇಲೆ ಬಾದಾಮಿಗೆ ಹೋಗುವ ಬಸ್ಸು ಹಿಡಿದೆವು. ಹನ್ನೊಂದಕ್ಕೇ ಬಿಸಿಲು ಕಿಟಕಿಯ ಸರಳನ್ನು ಮುಟ್ಟಲು ಬಿಡುತ್ತಿರಲಿಲ್ಲ. ಗುಡೂರಿನಲ್ಲಿ ಮಿರ್ಚಿ ಭಜಿ ತಿಂದೆವು. ಅಲ್ಲಿ ಹತ್ತಿದ ಮುದುಕಿಯೊಬ್ಬಳು ನೀಲಾಳ ಸ್ಟಿಕ್ ನೋಡಿ, "ಎದರ ಕಟಗಿ ಯವ್ವಾ ಇದು?" ಅಂದಳು.

"ಆಡೂದ್ರಿ ಅಮ್ಮಾ, ಹಾಕಿ."

"ಇಷ್ಟ ದೊಡ್ಡಾಕಿ ಆಗಿ ಇನ್ನೂ ಆಡ್ತಿ?"

ನೀಲಾ ನಕ್ಕಳು. ನನಗೆ ನಗು ಬರಲಿಲ್ಲ. ಮುದುಕಿ ಇಳಿದ ಮೇಲೆ ನೀಲಾ ಕೇಳಿದಳು, "ದೊಡ್ಡಪ್ಪಾ, ದಾಖಲೆ ಸಿಗಲಿ ಅಂತಿಯೋ, ಸಿಗಬಾರದು ಅಂತಿಯೋ?"

"ಸುಮ್ಮ ಕುಂದ್ರ" ಅಂತ ಗದರಿದೆ. ಆ ದಾಖಲೆ ಪುಸ್ತಕಕ್ಕೆ ಗೆದ್ದಲು ಹತ್ತಿರಲಿ ದೇವರೇ ಅಂತ ನಾನು ಬೇಡಿಕೊಳ್ಳುತ್ತಿದ್ದುದು ಅವಳಿಗೆ ಹೇಗೆ ತಿಳಿಯಿತೋ.

ಬಾದಾಮಿಯ ಕಚೇರಿಯಲ್ಲಿ ಎರಡು ತಾಸು ಕೂತೆವು. ಕಿಟಕಿಯಲ್ಲಿ ಮಂಗಗಳ ಕಾಟ. ಸಿಪಾಯಿ ಕೋಲು ಹಿಡಿದೇ ಓಡಾಡುತ್ತಿದ್ದ. ಕಡೆಗೆ ಗುಮಾಸ್ತೆ ಹೆಣ್ಣುಮಗಳು ದಪ್ಪ ಪುಸ್ತಕ ತಂದು, ನಾನು ಹೇಳಿದ ಜೂನಿನ ವರ್ಷದ ಪುಟಗಳ ಮೇಲೆ ಬೆರಳಾಡಿಸುತ್ತ ಹೋದಳು. ದೀಪಾವಳಿಯ ವಾರ, ಅದರ ಮುಂದಿನ ವಾರ, ಇಡೀ ತಿಂಗಳು. "ಇಲ್ರಿ ಸರ, ನಿಮ್ಮ ತಮ್ಮನ ಹೆಸರ ಎಲ್ಲೂ ಇಲ್ಲ."

ಹೋದ ಜೀವ ಬಂದಂತಾಯಿತು. "ಹಂಗಾರ ಇಲ್ಲ ಅಂತ ಬರದ ಕೊಡ್ರಿ ತಾಯಿ" ಅಂದೆ.

"ಅಕ್ಕಾರ," ಅಂದಳು ನೀಲಾ, "ಹಿಂದಿನ ವರ್ಷದ್ದೂ ಒಂದಿಷ್ಟ ನೋಡ್ರಿ."

ನಾನು ಕಣ್ಣು ಕೆಕ್ಕರಿಸಿದೆ. ಅವಳು ಪುಸ್ತಕವನ್ನೇ ನೋಡುತ್ತಿದ್ದಳು. ಹಿಂದಿನ ವರ್ಷದ ನವೆಂಬರಿನಲ್ಲಿ ನನ್ನ ತಮ್ಮನ ಹೆಸರು, ಅವನ ಹೆಂಡತಿಯ ಹೆಸರು, "ಹೆಣ್ಣು ಕೂಸು". ಆರೇಳು ವಾರ ತಡವಾಗಿ, ಜನವರಿಯಲ್ಲಿ ಹುಟ್ಟಿದ್ದರೂ ಸಾಕಿತ್ತು. ಗುಮಾಸ್ತೆ ಅದೇ ತಾರೀಖಿನ ಪ್ರಮಾಣಪತ್ರ ಬರೆದು ಕೊಟ್ಟಳು.

ಬಾಗಲಕೋಟೆಯ ಬಸ್ಸು ಕೆರೂರ ದಾಟುವವರೆಗೂ ಸಿಟ್ಟು ನುಂಗಿಕೊಂಡಿದ್ದೆ. ಆಮೇಲೆ ತಡೆಯಲಾಗಲಿಲ್ಲ. "ಯಾರ ಕೇಳಿದ್ರು ನಿನ್ನ? ಬಾಯಿ ಮುಚಗೊಂಡ ನಿಂತಿದ್ರ ಕೆಲಸ ಆಗಿತ್ತಲ್ಲ!"

"ದಿನಾ ಅಂಜಕೋತ ಆಡಾಕ ಆಗೂದಿಲ್ಲ ದೊಡ್ಡಪ್ಪಾ" ಅಂದಳು. ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದಳು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಹಾಸ್ಟೆಲಿನ ಕೋಚ್ ಮೇಡಂ ಎರಡೂ ತಾರೀಖು ನೋಡಿ ತಲೆ ಹಿಡಿದುಕೊಂಡರು. "ಜೂನಿಯರ್ ಟೀಮಿನಿಂದ ಹೆಸರು ತೆಗೀಲೇಬೇಕ್ರಿ. ಅದು ಹೋಗ್ಲಿ. ಬೇಕಂತನ ವಯಸ್ಸು ಕದ್ದಾಳ ಅಂತ ಆದ್ರ ಎರಡು ವರ್ಷ ಆಡಾಕೇ ಬಿಡೂದಿಲ್ಲ. ಈ ಸಾಲಿ ತಾರೀಖು ಬರಸಿದವರು ಯಾರು?"

ಬರಸಿದವರು ಯಾರೂ ಇಲ್ಲ, ನಾನೇ ಬರೆದೆ ಅಂದೆ. ಹಾಳೆ ಕೊಟ್ಟರು. ಹುಡುಗಿಯದಾಗಲಿ ಅವಳ ತಂದೆ ತಾಯಿಯದಾಗಲಿ ಇದರಲ್ಲಿ ಏನೂ ತಪ್ಪಿಲ್ಲ, ಮುಖ್ಯಾಧ್ಯಾಪಕನಾಗಿ ನಾನೇ ಯಾರನ್ನೂ ಕೇಳದೆ ಮನಸ್ಸಿಗೆ ಬಂದ ತಾರೀಖು ಹಾಕಿದೆ ಅಂತ ಬರೆದೆ. ಪಿಂಚಣಿಗೆ ಏನಾದರೂ ಆದೀತೇ ಎಂಬ ಯೋಚನೆಯೂ ಬಂತು, ಸುಳ್ಳು ಯಾಕೆ ಹೇಳಲಿ. ಆದರೂ ಸಹಿ ಮಾಡಿದೆ. ಮೇಡಂ ಎರಡು ಸಲ ಓದಿ, "ಹಾಕಿ ಸಂಸ್ಥೆಗೆ ಕಳಸ್ತೀನ್ರಿ. ಅವರು ಒಪ್ಪಿದ್ರ ದೊಡ್ಡವರ ಟೀಮಿನ್ಯಾಗ ಆಡಿ ಮ್ಯಾಲ ಬರಬಹುದು. ಒಪ್ಪತಾರ ಅಂತ ಮಾತ್ರ ನಾ ಹೇಳಂಗಿಲ್ಲ" ಅಂದರು.

ನೀಲಾ ಗೇಟಿನ ತನಕ ನನ್ನ ಜೊತೆ ಬಂದಳು. ಮೈದಾನದಲ್ಲಿ ಹುಡುಗಿಯರು ಸಂಜೆಯ ಓಟ ಶುರು ಮಾಡಿದ್ದರು. ಅವಳು ಅವರನ್ನು ನೋಡುತ್ತ ನಿಂತು ಕೇಳಿದಳು:

"ದೊಡ್ಡಪ್ಪಾ, ಹೊರದೇಶದ ಆ ನಾಕು ಮ್ಯಾಚಿನ್ಯಾಗ ನಾ ಒಂದು ಗೋಲ್ ಹೊಡದಿದ್ನಲ್ಲ. ಅದು ಇನ್ನ ನಂದಲ್ಲೇನು?"

ಮೂವತ್ತು ವರ್ಷ ಮಕ್ಕಳ ಪ್ರಶ್ನೆಗೆ ಉತ್ತರ ಹೇಳಿದ ಮಾಸ್ತರ ನಾನು. "ಓಡ ಹೋಗವ್ವಾ, ತಡ ಆಕೈತಿ" ಅಂತಷ್ಟೇ ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದೆ.