ಯಾರೂ ಎದುರಾಡದ ಮಹಾಪೂರ

ನಿಮ್ಮ ಮಾತನ್ನು ಅಲ್ಲಗಳೆಯುವುದಕ್ಕೂ ಯಾರೊಬ್ಬರೂ ಮುಂದೆ ಬರದಿದ್ದರೆ, ಅದು ಸತ್ಯವೆಂದು ನೀವು ಎಷ್ಟು ಕಾಲ ನಂಬಿಕೊಂಡಿರಬಲ್ಲಿರಿ?

ಹ್ಯೂಸ್ಟನ್ನಿನಲ್ಲಿ ತೈಲ ಕಂಪನಿಗಳು ನೆರೆದಿರುವ ಎನರ್ಜಿ ಕಾರಿಡಾರ್‌ನಲ್ಲಿ ನಾನು ತಂಗಿರುವ ಹೋಟೆಲಿನಲ್ಲೇ ಭೂವಿಜ್ಞಾನಿಗಳ ಸಮ್ಮೇಳನ ನಡೆದಿದೆ. ತೈಲನಿಕ್ಷೇಪಗಳ ಸಂಶೋಧನೆಯನ್ನು ವಿವರಿಸುವ ಪೋಸ್ಟರುಗಳ ಮುಂದೆ ಜನ ಮುಗಿಬಿದ್ದಿದ್ದರು. ಕೊನೆಯ ಸಾಲಿನಲ್ಲಿ ಧಾರವಾಡದ ಸುವರ್ಣಾ ತನ್ನ ಪೋಸ್ಟರಿನ ಪಕ್ಕ ಒಬ್ಬಳೇ ನಿಂತಿದ್ದಳು. ಆಸ್ಟಿನ್‌ನಲ್ಲಿ ಸಂಶೋಧನೆ ನಡೆಸುತ್ತಿರುವ ಆಕೆಯ ವಾದವಿದು: ವಾಯವ್ಯ ಅಮೆರಿಕದ ಒಂದು ಕಣಿವೆಯನ್ನು ಕೊರೆದದ್ದು ನಿಧಾನವಾಗಿ ಹರಿದ ನದಿಯಲ್ಲ, ಹಿಮಯುಗದಲ್ಲಿ ಹಿಮದ ಒಡ್ಡು ಒಡೆದು ನುಗ್ಗಿದ ಮಹಾಪೂರ.

"ಯಾರಾದ್ರೂ ಬಂದಿದ್ರಾ?" ಎಂದು ಕೇಳಿದೆ.

"ಒಬ್ಬರು ಬಂದಿದ್ರರಿ ಸರ್. ರೆಸ್ಟ್‌ರೂಮ್ ಎಲ್ಲದ ಅಂತ ಕೇಳಿ ಹೋದ್ರು," ಎಂದು ನಕ್ಕಳು. "ಇವತ್ತೂ ಯಾರೂ ಇಂಟರೆಸ್ಟ್ ತೋರಿಸ್ಲಿಲ್ಲಂದ್ರ ಟಾಪಿಕ್ ಚೇಂಜ್ ಮಾಡು ಅಂದಾರ್ರಿ ನಮ್ಮ ಗೈಡ್."

ಆಕೆಯ ಪೋಸ್ಟರಿನಲ್ಲಿದ್ದ, ವಿಮಾನದಿಂದ ತೆಗೆದ ಕಣಿವೆಯ ಚಿತ್ರದಲ್ಲಿ, ಹೊಳೆಯ ಮರಳಿನ ಮೇಲೆ ಕಾಣುವಂಥ ಅಲೆಗೆರೆಗಳಿದ್ದವು. ಅವುಗಳ ನಡುವೆ ಇರುವೆಯಂತೆ ಕಂಡದ್ದು ಒಂದು ಟ್ರಕ್ಕು! ಒಂದೊಂದು ಅಲೆಯೂ ಮನೆಯೆತ್ತರದ ದಿಬ್ಬ. ನೆಲದ ಮೇಲೆ ನಿಂತವರಿಗೆ ಅದು ಅಲೆಯೆಂದೇ ತಿಳಿಯದು.

ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾನು ಬೇಕೆಂದೇ ಪ್ರತಿಪಕ್ಷ ವಹಿಸಿದೆ. "ಗಾಳಿಯೂ ದಿಬ್ಬ ಕಟ್ಟುತ್ತಲ್ಲಮ್ಮ?"

"ಗಾಳಿ ಈ ದಿಬ್ಬದಾಗಿನ ಇಂಥಾ ಬಂಡೆ ಹೊತ್ಕೊಂಡು ಬರ್ತದೇನ್ರಿ ಸರ್?" ಆಕೆಯ ದನಿ ಏರಿತು, ಮುಖ ಅರಳಿತು. "ಇನ್ನೊಂದು ಕೇಳ್ರಿ!"

ನನ್ನಲ್ಲಿ ಇನ್ನೊಂದು ಪ್ರಶ್ನೆಯಿರಲಿಲ್ಲ. ಕೇಳಬಲ್ಲವರೆಲ್ಲ ಊಟಕ್ಕೆ ನಡೆದಿದ್ದರು.

ಓದುಗರಲ್ಲಿ ಈ ಶಾಸ್ತ್ರ ಬಲ್ಲವರಿದ್ದರೆ, ದಯವಿಟ್ಟು ಇಂಥ ಪೋಸ್ಟರಿನ ಮುಂದೆ ನಿಲ್ಲಿ. ಒಪ್ಪದಿದ್ದರೆ, ಏಕೆಂದು ಹೇಳಿ.