ಸಾಲಿನಲ್ಲಿ ನನ್ನ ಮುಂದಿದ್ದ ಗಿರಾಕಿ

ಸಾಲಿನಲ್ಲಿ ನನ್ನ ಮುಂದಿದ್ದವರು ಹಿಂದಿಯಲ್ಲಿ ಎಷ್ಟು ಜೋರಾಗಿ ಕೂಗಾಡುತ್ತಿದ್ದರೆಂದರೆ, ನಾನು ಮನೆಯಿಂದಲೇ ಸಿದ್ಧಮಾಡಿಕೊಂಡು ಬಂದಿದ್ದ ಬೈಗುಳವೆಲ್ಲ ಸಪ್ಪೆಯಾಯಿತು. ನೆರೆರಾಜ್ಯದ ಮಿಯಾಪುರದ ಆ ಪುಟ್ಟ ಕಂಪನಿ ನಮ್ಮ ಭಾಷೆಗಳ ಅಕ್ಷರವಿರುವ ಕಂಪ್ಯೂಟರ್ ಕೀಬೋರ್ಡ್ ಮಾಡುತ್ತದೆ. ಪೂರ್ತಿ ಹಣ ಕಟ್ಟಿ ಎಂಟು ತಿಂಗಳಾದರೂ ನನ್ನ ಕನ್ನಡ ಕೀಬೋರ್ಡ್ ಬಂದಿರಲಿಲ್ಲ. ಪಾಪ, ಇವರದೂ ಅದೇ ಗೋಳು ಅಂದುಕೊಂಡೆ.

ಅಷ್ಟರಲ್ಲಿ ಒಳಗೆ ಕರೆಂಟ್ ಹೋಯಿತು. ಮ್ಯಾನೇಜರ್ ಹೊರಗೆ ತಲೆಹಾಕಿ, “ಬಸವರಾಜ್, ಜರಾ ದೇಖೋ” ಎಂದರು. ಕೂಗಾಡುತ್ತಿದ್ದವರು ತಮ್ಮ ಜಾಗ ಕಾಯುವಂತೆ ನನಗೆ ಸನ್ನೆ ಮಾಡಿ, ಒಳಗೆ ಹೋಗಿ ಫ್ಯೂಸ್ ಹಾಕಿ ಬಂದು, ಮತ್ತೆ ಸಾಲಿನಲ್ಲಿ ನಿಂತರು.

“ನೀವು ಇಲ್ಲೇ ಕೆಲಸ ಮಾಡೋದಾ?” ಬಸವರಾಜ್ ಎಂಬ ಹೆಸರು ಕೇಳಿ ಕನ್ನಡ ಬಾಯಿಗೆ ತಾನಾಗಿ ಬಂದಿತ್ತು.

ಅವರ ಮುಖ ಅರಳಿತು. “ಹೌದ್ರಿ, ಕೀಬೋರ್ಡ್ ಜೋಡಸಾವ ನಾನ. ಐದು ತಿಂಗಳಾತು, ಪಗಾರ ಆಗಿಲ್ರಿ. ಕೆಲಸದವರು ಹೋದ್ರ ಮಾಲಕ್ರು ಬಾಗಿಲ ತೆಗಿಯಂಗಿಲ್ಲ, ಗಿರಾಕಿ ಬಂದ್ರ ತೆಗೀತಾರ. ಅದಕ್ಕ ಗಿರಾಕಿ ಸಾಲಿನಾಗ ನಿಂತೀನ್ರಿ. ನಾಳೆ ಹಿಂಗ ನಿಲ್ಲೂದು ಮ್ಯಾನೇಜರ್ ಸಾಹೇಬ್ರ ಪಾಳಿ, ಅವರಿಗೂ ಪಗಾರ ಇಲ್ರಿ.”

ಅವತ್ತು ನಮ್ಮಿಬ್ಬರಿಗೂ ಸಿಕ್ಕಿದ್ದು “ಮುಂದಿನ ವಾರ” ಎಂಬ ಒಂದೇ ಉತ್ತರ.

ಈಗ ಪ್ರತಿ ಸೋಮವಾರ ಮಾಲೀಕರಿಗೆ ಫೋನ್ ಮಾಡುತ್ತೇನೆ. ಗಿರಾಕಿಯಲ್ಲವೇ, ತಕ್ಷಣ ಎತ್ತುತ್ತಾರೆ. ನನ್ನ ಕೀಬೋರ್ಡಿಗಾಗಿ ಬೈದು ಮುಗಿಸಿ, ಕೊನೆಗೆ “ಬಸವರಾಜರ ಆರ್ಡರ್ ಏನಾಯಿತು?” ಎಂದು ಕೇಳುತ್ತೇನೆ. ಬಸವರಾಜ್ ಯಾರೆಂದು ಅವರು ಒಮ್ಮೆಯೂ ಕೇಳಿಲ್ಲ. “ಅದೂ ದಾರಿಯಲ್ಲಿದೆ ಸರ್” ಎನ್ನುತ್ತಾರೆ.